ಮರ ಹತ್ತುವವರ ಬೆಲ್ಟಿನ ಬೆಲೆ

ಕೊಂಬೆ ಬೆಳೆದು ಕರೆಂಟು ತಂತಿಗೆ ತಾಗಿತು ಅಂದರೆ ಸಾಕು, ಮರ ಸವರುವವರನ್ನು ಕರೆಯುತ್ತೇವೆ. ಅವರು ಮೇಲೆ ಹತ್ತಿ, ಸೊಂಟದ ಬೆಲ್ಟನ್ನು ಕಾಂಡಕ್ಕೆ ಬಿಗಿದು, ಹಿಂದಕ್ಕೆ ವಾಲಿ ಗರಗಸ ಹಿಡಿಯುತ್ತಾರೆ. ಆ ಬೆಲ್ಟು ಹೊಲಿಯುವವಳು ನಾನು. ಈ ಕಥೆ ಹೇಳೋಕೆ ನನಗೇ ನಾಚಿಕೆ. ಆದರೂ ಹೇಳುತ್ತೇನೆ.

ಮೊದಲೆಲ್ಲ ದಪ್ಪ ನೈಲಾನ್ ದಾರದಲ್ಲಿ ನಾಲ್ಕು ಸಾಲು ಹೊಲಿಗೆ ಹಾಕುತ್ತಿದ್ದೆ. ಹತ್ತು ಬೆಲ್ಟಿಗೆ ಒಂದನ್ನು ತೊಲೆಗೆ ಬಿಗಿದು, ಮರಳಿನ ಮೂಟೆ ಕಟ್ಟಿ, ಎತ್ತಿ ಬಿಟ್ಟು ನೋಡುತ್ತಿದ್ದೆವು. ಹಾಗೆ ನೋಡಿದ್ದರ ಹೊಲಿಗೆ ಜಗ್ಗಿರುತ್ತೆ, ಮಾರುವಂತಿಲ್ಲ, ಎಸೆಯಬೇಕು. ದಾರದ ಬೆಲೆ ಏರಿತು.

"ಒಳ್ಳೇ ಬೆಲ್ಟನ್ನ ಕೈಯಾರೆ ಹಾಳು ಮಾಡೋದು ಯಾವ ಲೆಕ್ಕಾರೀ?" ಅಂತ ನಮ್ಮ ಯಜಮಾನರ ಮೇಲೆ ರೇಗಿದೆ.

"ಪರೀಕ್ಷೆ ಬಿಡೋದು ಬೇಡ ಕಣೇ," ಅಂದರು. ನಾನು ಕೇಳಲಿಲ್ಲ. ದಾರ ತೆಳುವಾಯಿತು, ಹೊಲಿಗೆ ಎರಡು ಸಾಲಾಯಿತು, ಮೂಟೆ ಮೂಲೆ ಸೇರಿತು.

ಮೊನ್ನೆ ನನ್ನ ತಮ್ಮ ಅಂಗಡಿಗೆ ಬಂದ. ಅವನೂ ಮರ ಸವರುವವನೇ. ಹಳೇ ಬೆಲ್ಟು ಸವೆದಿತ್ತು. ಮೊಳೆಗೆ ನೇತುಹಾಕಿದ್ದ ಹೊಸದನ್ನು ತೆಗೆದು ಸೊಂಟಕ್ಕೆ ಸುತ್ತಿಕೊಂಡ.

"ಏಯ್, ಅದು ಬೇಡ ಕಣೋ! ನಿಂಗೆ ಬೇರೆ ಹೊಲಿದು ಕೊಡ್ತೀನಿ."

"ಯಾಕಕ್ಕಾ, ಇದಕ್ಕೇನಾಗಿದೆ?"

ನಾನು ಅದನ್ನು ಅವನ ಸೊಂಟದಿಂದ ಬಿಚ್ಚಲು ಹೋದೆ. ಅವನೇನು ದಡ್ಡನೇ? ಬೆಲ್ಟನ್ನು ತೊಲೆಗೆ ಬಿಗಿದು, ಮೂಲೆಯ ಮೂಟೆ ಎಳೆದು ತಂದು ಕಟ್ಟಿದ. ಮೂರನೇ ಸಲ ಎತ್ತಿ ಬಿಟ್ಟಾಗ ಹೊಲಿಗೆ ಪರ್ರನೆ ಬಿಚ್ಚಿಕೊಂಡಿತು.

"ನಿನ್ನ ತಮ್ಮನಿಗೆ ಬೇಡದ್ದು ನನ್ನ ಜೊತೆಯವನಿಗೆ ಆಗುತ್ತೇನಕ್ಕಾ? ಹೋದ ವಾರ ನಿನ್ನ ಹತ್ರಾನೇ ತಗೊಂಡ. ಈಗ ಪಕ್ಕದ ಬೀದೀಲಿ ಮರದ ಮೇಲಿದ್ದಾನೆ."

ಫೋನು ಮಾಡಿದರೆ ಎತ್ತಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

"ಕಿರುಚಿ ಅವನನ್ನ ಬೆಚ್ಚಿಬೀಳಿಸ್ಬೇಡ," ಅಂದ ತಮ್ಮ, ಹಿಂದಿನಿಂದ.

ಎರಡೂ ಕೈಯಲ್ಲಿ ಗರಗಸ ಹಿಡಿದು ವಾಲಿಕೊಂಡಿದ್ದ ಆ ಮನುಷ್ಯ. ಮೈಭಾರವೆಲ್ಲ ನನ್ನ ಎರಡು ಸಾಲು ಹೊಲಿಗೆಯ ಮೇಲೆ.

"ಏನಕ್ಕಾ, ನೀವೂ ಮರ ಹತ್ತೋಕೆ ಬಂದ್ರಾ?" ಅಂತ ನಕ್ಕ.

"ಕೊಂಬೆ ಹಿಡ್ಕೊಂಡು ಮೆಲ್ಲಗೆ ಇಳೀಪ್ಪಾ," ಅಂದೆ. ಇಳಿದ ಮೇಲೆ ಎಲ್ಲ ಹೇಳಿಕೊಂಡೆ.

ಬೆಲ್ಟು ಬಿಚ್ಚಿ ನನ್ನ ಕೈಗಿಟ್ಟ. "ನೀವು ಹೊಲಿದಿದ್ದು ಅಂತಾನೇ ಅಕ್ಕಾ, ಧೈರ್ಯವಾಗಿ ಎರಡೂ ಕೈ ಬಿಟ್ಟಿದ್ದು," ಅಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತೆಳು ದಾರದಲ್ಲಿ ಹೊಲಿದು ಮಾರಿದ್ದ ಹನ್ನೊಂದನ್ನೂ ಮನೆಮನೆಗೆ ಹೋಗಿ ವಾಪಸು ತಂದೆವು. ದಪ್ಪ ದಾರದ ಖರ್ಚು, ಮೂಟೆ ಕಟ್ಟಿ ಹಾಳುಮಾಡುವ ಬೆಲ್ಟಿನ ಖರ್ಚು ಎರಡನ್ನೂ ಸೇರಿಸಿ ಬೆಲೆ ಏರಿಸಿದೆವು. ಒಬ್ಬಿಬ್ಬರು ಗೊಣಗಿದರು. ಒಂದು ಬೆಲ್ಟಿಗೆ ಮೂಟೆ ಕಟ್ಟಿ ತೋರಿಸಿದ ಮೇಲೆ ಕೊಂಡರು.

ಹೊಲಿಯುವ ಅಕ್ಕತಂಗಿಯರೇ, ಪರೀಕ್ಷೆಯ ಖರ್ಚನ್ನು ಉಳಿಸಬೇಡಿ, ಬೆಲೆಗೆ ಸೇರಿಸಿ. ಮರ ಸವರಲು ಕರೆಯುವವರೇ, ಒಳ್ಳೇ ಬೆಲ್ಟು ಕಟ್ಟಿಕೊಂಡು ಬಂದವರ ಹತ್ತಿರ ಚೌಕಾಸಿ ಮಾಡಬೇಡಿ. ಮರ ಹತ್ತುವ ಅಣ್ಣತಮ್ಮಂದಿರೇ, ಕೊಳ್ಳುವ ಮುಂಚೆ "ಇದೇ ಥರದ ಇನ್ನೊಂದಕ್ಕೆ ಮೂಟೆ ಕಟ್ಟಿ ತೋರಿಸಿ" ಅಂತ ಕೇಳಿ. ತೋರಿಸಲು ಹಿಂದೇಟು ಹಾಕಿದರೆ ಎದ್ದು ಬನ್ನಿ. ಅದು ನನ್ನ ಅಂಗಡಿಯಾದರೂ ಸರಿಯೇ.