ತಾತನಿಗೊಂದು ದುಃಖ ಬೇಕಿತ್ತು

ಮನೆತನದ ಇತಿಹಾಸವನ್ನು ಚಿತ್ರಗಳಲ್ಲಿ ತೋರಿಸುತ್ತೇನೆಂದು ಗ್ಯಾಲರಿಯವರಿಗೆ ಮಾತು ಕೊಟ್ಟಾಗ, ಕಲಾವಿದೆಗೆ ಮನೆತನದ ಬಗ್ಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಅದೊಂದು ಘೋರ ದುಃಖದ ಕತೆಯೆಂಬುದರಲ್ಲಿ ಮಾತ್ರ ಎಳ್ಳಷ್ಟೂ ಅನುಮಾನವಿರಲಿಲ್ಲ. ದುಃಖವಿಲ್ಲದ ಮನೆತನವನ್ನು ಯಾವ ಗ್ಯಾಲರಿ ತಾನೇ ಗೋಡೆಗೆ ಹಾಕೀತು?

ಆಧಾರಕ್ಕೆ ತಾತನ ಒಂದೇ ಒಂದು ಫೋಟೊ ಇತ್ತು. ಬಸ್ ಡ್ರೈವರ್ ಆಗಿದ್ದ ತಾತ ಅದರಲ್ಲಿ ಕೆನ್ನೆಗೆ ಕೈಕೊಟ್ಟು, ಲೋಕದ ಭಾರವೆಲ್ಲ ತನ್ನ ತಲೆಯ ಮೇಲೇ ಬಿದ್ದಂತೆ ಕೂತಿದ್ದ. ಕಲಾವಿದೆ ಆ ಮುಖವನ್ನು ನೀಲಿಯಲ್ಲಿ ಬರೆದಳು, ಬೂದಿ ಬಣ್ಣದಲ್ಲಿ ಬರೆದಳು, ಬರೆದು ಅರ್ಧ ಅಳಿಸಿದಳು. ಅರ್ಧ ಅಳಿಸಿದ್ದು ಎಲ್ಲಕ್ಕಿಂತ ಆಳವಾಗಿ ಕಂಡಿತು. ಇನ್ನು ದುಃಖಕ್ಕೊಂದು ಕಾರಣ ಸಿಕ್ಕಿದರೆ ಆಯಿತೆಂದು ರೆಕಾರ್ಡರ್ ಹಿಡಿದು ಸೋದರತ್ತೆಯ ಮನೆಗೆ ಹೋದಳು.

ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದರು.

"ಅತ್ತೆ, ತಾತ ಯಾಕೆ ಅಷ್ಟೊಂದು ನೊಂದಿದ್ರು?" ದನಿ ತಗ್ಗಿಸಿ ಕೇಳಿದಳು.

ಅತ್ತೆ ಫೋಟೊ ನೋಡಿದರು. "ಇದಾ? ಹಲ್ಲುನೋವು ಕಣೇ. ದವಡೆ ಊದ್ಕೊಂಡಿತ್ತು, ಅದಕ್ಕೇ ಕೈ ಅಡ್ಡ ಇಟ್ಕೊಂಡಿದ್ದು."

ಕಲಾವಿದೆ ರೆಕಾರ್ಡರನ್ನು ಅತ್ತೆಯ ಇನ್ನಷ್ಟು ಹತ್ತಿರಕ್ಕೆ ಸರಿಸಿದಳು. "ಬೇರೆ ಏನಾದ್ರೂ... ಮನಸ್ಸಿಗೆ ಪೆಟ್ಟು? ಯಾರ ಜೊತೆಗೂ ಮಾತಾಡ್ತಿರ್ಲಿಲ್ಲ ಅಂತಾರಲ್ಲ?"

"ನಿಮ್ಮಜ್ಜಿ ಬಾಯಿ ತೆರೆಯೋಕೆ ಬಿಟ್ರೆ ತಾನೆ ಮಾತಾಡೋದು? ಅವಳು ಶುರು ಮಾಡಿದ್ಲು ಅಂದ್ರೆ ಅಪ್ಪನಿಗೆ ಕಿವೀನೇ ಕೇಳಿಸ್ತಿರ್ಲಿಲ್ಲ. ಒಳಗೆ ತಟ್ಟೆ ಇಟ್ಟ ಸದ್ದಾದ್ರೆ ಮಾತ್ರ ಥಟ್ಟಂತ ಎದ್ದು ಬರೋರು!" ಅತ್ತೆ ಮಡಿಸಿದ ಟವೆಲನ್ನೇ ಬಾಯಿಗೊತ್ತಿಕೊಂಡು ನಕ್ಕರು.

ಕಲಾವಿದೆ ಮುಖ ಸಪ್ಪೆ ಮಾಡಿಕೊಂಡು ಸ್ಟುಡಿಯೋಗೆ ಮರಳಿದಳು. ನೀಲಿ ತಾತ ಈಗ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಸರದಿ ಕಾಯುವವನಂತೆ ಕಂಡ. ಸಿಟ್ಟಿಗೆ ಹೊಸ ಕ್ಯಾನ್ವಾಸ್ ಎಳೆದು, ಕೈ ಬೀಸಿ ಮಾತಾಡುವ ಅಜ್ಜಿಯನ್ನೂ, ಕಿವುಡು ನಟಿಸುತ್ತ ಓರೆಗಣ್ಣಲ್ಲಿ ಅಡುಗೆಮನೆ ನೋಡುವ ತಾತನನ್ನೂ ಬರೆಯತೊಡಗಿದಳು. ಬರೆಯುತ್ತ ಬರೆಯುತ್ತ ನಗು ತಡೆಯಲಾಗಲಿಲ್ಲ. ಊಟ ಮರೆತೇ ಹೋಯಿತು. ಕಲೆಯೆಂದರೆ ನರಳಾಟವೆಂದು ಹೋದಲ್ಲಿ ಬಂದಲ್ಲಿ ಭಾಷಣ ಬಿಗಿದಿದ್ದವಳಿಗೆ ಇದು ಕೊಂಚ ಮುಜುಗರದ ಸಂಗತಿ.

ಗ್ಯಾಲರಿಯ ಯಜಮಾನ ನೀಲಿ ತಾತನ ಮುಂದೆ ಕಣ್ಣು ಮುಚ್ಚಿ ನಿಂತ. ಚಿತ್ರ ನೋಡುವ ಅವನ ರೀತಿಯೇ ಅದು. "ಆಹಾ, ಶತಮಾನದ ಮೌನ!"

"ಹಲ್ಲುನೋವು ಸಾರ್."

"ಅದನ್ನ ಯಾರಿಗೂ ಹೇಳ್ಬೇಡಿ," ಎಂದವನೇ ನೀಲಿ, ಬೂದಿ ತಾತಂದಿರನ್ನೆಲ್ಲ ದೊಡ್ಡ ಹಾಲಿಗೂ, ಹೊಸ ಚಿತ್ರವನ್ನು ಶೌಚಾಲಯಕ್ಕೆ ಹೋಗುವ ದಾರಿಗೂ ಹಾಕಿಸಿದ.

ಪ್ರದರ್ಶನದ ದಿನ ಜನ ಗದ್ದಕ್ಕೆ ಕೈಯಿಟ್ಟು ಹಾಲಿನಲ್ಲಿ ಒಂದು ಸುತ್ತು ಬಂದು ಮೆಲ್ಲಗೆ ಜಾಗ ಖಾಲಿ ಮಾಡಿದರು. ನೂಕುನುಗ್ಗಲೆಲ್ಲ ಶೌಚಾಲಯದ ಕಡೆಗೆ. ಅಲ್ಲಿ ಅತ್ತೆ ಚಿತ್ರದ ಪಕ್ಕ ನಿಂತು, ಮುನಿಸಿಕೊಂಡು ನಡೆದೇ ಹೊರಟಿದ್ದ ಅಜ್ಜಿಯನ್ನು ಕಂಡು ತಾತ ನಡುದಾರಿಯಲ್ಲಿ ಬಸ್ ನಿಲ್ಲಿಸಿ, ಪ್ರಯಾಣಿಕರೆಲ್ಲರ ಕೈಲಿ ಅವಳನ್ನು ಬಸ್ಸು ಹತ್ತಲು ಕರೆಸಿದ ಕತೆ ಹೇಳುತ್ತಿದ್ದರು.

ಕಲಾವಿದೆ ಜನರನ್ನು ಸರಿಸಿಕೊಂಡು ಒಳನುಗ್ಗಿದಳು. "ಅತ್ತೆ, ಇದನ್ನ ನನಗ್ಯಾಕೆ ಹೇಳ್ಲಿಲ್ಲ?"

"ನೀನೆಲ್ಲಿ ಕೇಳ್ದೆ? ಬರೀ ದುಃಖ ಇದ್ರೆ ಕೊಡಿ ಅಂದೆ," ಎಂದು ಅತ್ತೆ ಅವಳನ್ನು ಪಕ್ಕಕ್ಕೆಳೆದು ನಿಲ್ಲಿಸಿಕೊಂಡು, ಕತೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು.