ಬಾಯಾರಿಕೆಯ ಅಭ್ಯಾಸ

ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬಂದಾಗ ಅವಳ ಕೈ ನಿಂತಿತು. ರೇಜರ್ ಸಲೀಸಾಗಿ ಹೋಗಲೆಂದು ದವಡೆಯ ಬಳಿ ಮಾವನ ಚರ್ಮವನ್ನು ಎಳೆದು ಹಿಡಿದಿದ್ದಳು. ಬೆರಳು ಬಿಟ್ಟ ಮೇಲೂ ಅದು ತನ್ನ ಜಾಗಕ್ಕೆ ಮರಳಲಿಲ್ಲ; ಇಸ್ತ್ರಿ ಕಾಣದ ಬಟ್ಟೆಯ ಹಾಗೆ ಮಡಿಕೆಯಾಗಿಯೇ ಉಳಿಯಿತು. ತುಟಿ ಎರಡು ಕಡೆ ಬಿರಿದಿತ್ತು.

“ನೀರು ಕುಡಿದ್ರಾ ಮಾವ?”

“ಕುಡಿದೆನಲ್ಲ.”

“ಯಾವಾಗ?”

“ಪೊಲೀಸರ ಥರ ಕೇಳಬೇಡ ತಾಯಿ. ಬ್ಲೇಡು ಬೇರೆ ನಿನ್ನ ಕೈಲಿದೆ.”

ಪಕ್ಕದ ಸ್ಟೂಲಿನ ಮೇಲಿನ ಚೊಂಬನ್ನು ನೋಡಿದಳು. ಬೆಳಿಗ್ಗೆ ತಾನು ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗುವ ಮುಂಚೆ ತುಂಬಿಸಿಟ್ಟಿದ್ದು ಸಂಜೆಯಾದರೂ ಕಂಠದವರೆಗೆ ಹಾಗೇ ಇತ್ತು.

ಮಾವ ದೊಡ್ಡದೊಂದು ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದವರು. ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋದ ಮೇಲೆ ಅವಳು ಕಂಕುಳಿಗೆ ಕೈ ಕೊಟ್ಟು ಎಬ್ಬಿಸುವಾಗೆಲ್ಲ, “ಜೀವನಪೂರ್ತಿ ಊರವರನ್ನ ಎತ್ತಿ ಇಳಿಸಿದೆ, ಈಗ ನನ್ನ ಸರದಿ. ಎಷ್ಟನೇ ಮಹಡಿ ಮೇಡಂ?” ಎನ್ನುತ್ತಿದ್ದರು. “ಬಚ್ಚಲು” ಎನ್ನುತ್ತಿದ್ದಳು ಅವಳು. ಕಳೆದ ತಿಂಗಳಿಂದ ಈ ತಮಾಷೆ ನಿಂತುಹೋಗಿತ್ತು.

ಕಳೆದ ತಿಂಗಳು ಆಸ್ಪತ್ರೆಯಲ್ಲಿ ಅವಳ ಗರ್ಭದೊಳಗೆ ಭ್ರೂಣವೊಂದನ್ನು ಇಟ್ಟಿದ್ದರು. ಅದು ಮೂರನೆಯ ಪ್ರಯತ್ನ. ಈ ಸಲ ಬೆಳೆದಿದ್ದು ಎರಡೇ. ಇನ್ನೊಂದನ್ನು ಹೆಪ್ಪುಗಟ್ಟಿಸಿ ಇಟ್ಟುಕೊಂಡಿದ್ದರು. ಎರಡಕ್ಕೂ ಸೇರಿಸಿ ಗಂಡನ ಸಹಿ ಒಂದೇ ಸಲ ತೆಗೆದುಕೊಂಡಿದ್ದರು. “ಮನೆಗೆ ಹೋಗಿ ಎಂದಿನ ಹಾಗೆ ಇರಿ,” ಎಂದಿದ್ದರು ಡಾಕ್ಟರಮ್ಮ. “ಮೆಟ್ಟಿಲು ಹತ್ತಿದ್ರೆ, ಕೆಮ್ಮಿದ್ರೆ, ಏನಾದ್ರೂ ಎತ್ತಿದ್ರೆ ಜಾರಿ ಬೀಳೋ ವಸ್ತು ಅಲ್ಲ ಅದು.” ಗಂಡ ಅಲ್ಲಿ ತಲೆಯಾಡಿಸಿದ. ಹೊರಗೆ ಬಂದವನೇ, “ಅವರಿಗೇನು, ಹೇಳ್ತಾರೆ,” ಎಂದು ತನ್ನ ಅಕ್ಕನಿಗೆ ಫೋನು ಮಾಡಿದ.

ಅಕ್ಕ ಬಂದಳು. ತಮ್ಮನ ಹೆಂಡತಿಯನ್ನು ಗಾಜಿನ ಸಾಮಾನಿನ ಹಾಗೆ ಮಂಚದ ಮೇಲಿಟ್ಟು ಕಾವಲು ಕೂತಳು. ಸೀನಿದರೂ ಕಣ್ಣು ಬಿಡುತ್ತಿದ್ದಳು. ಒಂದು ಮಧ್ಯಾಹ್ನ ಆಕೆ ಔಷಧಿ ಅಂಗಡಿಗೆ ಹೋಗಿದ್ದಾಗ, ಸೊಸೆಯನ್ನು ಎಬ್ಬಿಸಬಾರದೆಂದು ಮಾವ ಒಬ್ಬರೇ ಗೋಡೆ ಹಿಡಿದು ಬಚ್ಚಲಿಗೆ ಹೊರಟರು. ನಡುವೆಯೇ ಬಿದ್ದರು. ಅವಳು ಎದ್ದು ಬಂದು ಅವರನ್ನು ಎತ್ತಿ, ಒದ್ದೆಯಾಗಿದ್ದ ಪಂಚೆ ಬದಲಿಸಿ, ಮಂಚಕ್ಕೆ ಸೇರಿಸಿದಳು. ಮರುದಿನ ಅವಳ ಹಾಸಿಗೆಯ ಮೇಲೆ ರಕ್ತ ಕಂಡಿತು.

ಹಿಂದಿನ ಎರಡು ಸಲವೂ ವಿಚಾರಣೆ ನಡೆದದ್ದು ಅವಳದು. ಬಸ್ಸಲ್ಲಿ ಹೋಗಿದ್ದೆಯಾ, ಬಗ್ಗಿ ಕಸ ಗುಡಿಸಿದೆಯಾ, ಏನೇನೋ ಯೋಚನೆ ಮಾಡಿದೆಯಾ. ಈ ಸಲ ಯಾರೂ ಏನೂ ಕೇಳಲಿಲ್ಲ. ಕಾರಣ ಪಕ್ಕದ ಕೋಣೆಯಲ್ಲೇ ಮಲಗಿತ್ತು. “ಐದು ನಿಮಿಷ ತಡ್ಕೊಳ್ಳೋಕೆ ಆಗ್ಲಿಲ್ವಾ ಅಪ್ಪ?” ಎಂದು ಮಗಳು ಒಂದೇ ಸಲ ಕೇಳಿದಳು. ಮಗ ಅದನ್ನೂ ಕೇಳಲಿಲ್ಲ, ಮಾತೇ ಬಿಟ್ಟ. ಅಪ್ಪನನ್ನು ಬಚ್ಚಲಿಗೆ ಕರೆದೊಯ್ಯುವಾಗಲೂ ಅವನ ಮುಖ ಗೋಡೆಯ ಕಡೆಗಿರುತ್ತಿತ್ತು. ಹೆಂಡತಿಯ ಬೆನ್ನನ್ನು ಮಾತ್ರ ಸವರಿ, “ನಿಂದೇನೂ ತಪ್ಪಿಲ್ಲ ಬಿಡು,” ಎಂದ.

ಆ ಮಾತಿಗಾಗಿ ಅವಳು ಎಷ್ಟು ವರ್ಷ ಕಾದಿದ್ದಳೆಂದರೆ, ಸಿಕ್ಕಾಗ ಅದನ್ನು ವಾಪಸು ಕೊಡಲು ಮನಸ್ಸಾಗಲಿಲ್ಲ. ಮಾವ ಬೀಳುವ ಹಿಂದಿನ ದಿನವೇ ರಕ್ತ ಶುರುವಾಗಿತ್ತು. ಬಟ್ಟೆ ಮಡಿಸಿಟ್ಟುಕೊಂಡು, ಇದು ಅದಲ್ಲ, ಇದು ಅದಲ್ಲ ಎಂದು ತನಗೇ ಹೇಳಿಕೊಳ್ಳುತ್ತ ಮಲಗಿದ್ದಳು. ಅವರನ್ನು ಎತ್ತಿದಾಗ ಒಳಗೆ ಬೀಳುವಂಥದ್ದೇನೂ ಉಳಿದಿರಲಿಲ್ಲ.

ಈಗ ಲೋಟಕ್ಕೆ ನೀರು ಬಗ್ಗಿಸಿ ಮಾವನ ತುಟಿಗೆ ಹಿಡಿದಳು. ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿ, ಲೋಟವನ್ನು ಎಡಗೈಯಿಂದ ಸರಿಸಿದರು.

“ಇಷ್ಟಕ್ಕೇ?”

“ಸಾಕು. ಅಭ್ಯಾಸ ಮಾಡ್ಕೊಳ್ತಾ ಇದೀನಿ.”

“ಏನಭ್ಯಾಸ?”

“ಇನ್ನೊಂದನ್ನ ಮುಂದಿನ ತಿಂಗಳು ಇಡ್ತಾರಲ್ಲ. ಬೆಳಿಗ್ಗೆ ಅವನು ಕೆಲಸಕ್ಕೆ ಹೋಗೋ ಮುಂಚೆ ಒಂದು ಸಲ ಬಚ್ಚಲಿಗೆ, ಬಂದ ಮೇಲೆ ಒಂದು ಸಲ. ನಡುವೆ ಏಳೋದೇ ಬೇಡ. ಹೆಚ್ಚು ಕಡಿಮೆ ಬಂದುಬಿಟ್ಟಿದೆ ನೋಡು. ಇವತ್ತು ನೀನು ಅಂಗಡಿಯಿಂದ ಬಂದ ಮೇಲೂ ನಿನ್ನನ್ನ ಕರೆದೇ ಇಲ್ಲ.”

ಪರೀಕ್ಷೆಯಲ್ಲಿ ಪಾಸಾದವರ ಹಾಗೆ ಹೇಳಿದರು. ಅವಳು ರೇಜರನ್ನು ಮಗ್ಗಿನೊಳಗೆ ಬಿಟ್ಟಳು.

“ಮಾವ, ಅದು ನಿಮ್ಮಿಂದ ಆಗಿದ್ದಲ್ಲ. ನೀವು ಬೀಳೋ ಹಿಂದಿನ ದಿನಾನೇ ನಂಗೆ ಶುರುವಾಗಿತ್ತು. ನಾನೇ ಯಾರಿಗೂ ಹೇಳಿರ್ಲಿಲ್ಲ.”

ಅವರು ಅವಳನ್ನು ನೋಡಿದರು. ಒಂದು ಕೆನ್ನೆಯ ಮೇಲಿನ ನೊರೆ ಒಣಗಿ ಸಿಪ್ಪೆಯಾಗಿತ್ತು.

“ನಿನ್ನ ಗುಣ ನಂಗೆ ಗೊತ್ತಿಲ್ವಾ ತಾಯಿ,” ಎಂದರು. “ಮುದುಕನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಏನು ಬೇಕಾದ್ರೂ ಹೇಳ್ತೀಯ. ಮುಗಿಸು, ಕೆನ್ನೆ ತುರಿಸ್ತಿದೆ.”

ಊಟದ ಹೊತ್ತಿಗೆ ಗಂಡನ ಅಕ್ಕ ಬಂದಿದ್ದಳು, ಮುಂದಿನದರ ಏರ್ಪಾಡು ಮಾಡಲು.

“ಅಪ್ಪನ್ನ ನಮ್ಮನೆಗೇ ಕರ್ಕೊಂಡು ಹೋಗ್ತೀನಿ. ಮೂರನೇ ಮಹಡಿ, ಕಟ್ಟಡಕ್ಕೆ ಲಿಫ್ಟಿಲ್ಲ. ಕುರ್ಚಿ ಮೇಲೆ ಕೂರಿಸಿ ಹತ್ತಿಸಿದ್ರಾಯ್ತು. ಹೇಗೂ ಕೆಳಗಿಳಿಯೋ ಕೆಲಸ ಇಲ್ವಲ್ಲ.”

ಗಂಡ ತಟ್ಟೆ ನೋಡುತ್ತಲೇ, “ಹಾಗೇ ಮಾಡು,” ಎಂದ.

“ಅವರು ಬೀಳೋ ಮುಂಚೇನೇ ಹೋಗಿತ್ತು ಅದು,” ಎಂದಳು ಅವಳು. “ಹಿಂದಿನ ದಿನ. ನಾನು ಮುಚ್ಚಿಟ್ಟಿದ್ದೆ.”

ಗಂಡ ಮೊದಲ ಸಲ ತಲೆ ಎತ್ತಿದ. “ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ದೆ?”

ಅಷ್ಟರಲ್ಲಿ ಅವನ ಅಕ್ಕ ಅವಳ ಹತ್ತಿರಕ್ಕೆ ಬಾಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕಾಳಜಿಯಿತ್ತು. “ಹಾಗಾದ್ರೆ ಅದರ ಹಿಂದಿನ ದಿನ ಏನು ಮಾಡಿದ್ದೆ? ನೆನಪು ಮಾಡ್ಕೊ. ತಲೆಗೆ ಸ್ನಾನ ಮಾಡಿದ್ದೆಯಲ್ಲ, ಬಕೆಟ್ ನೀನೇ ಎತ್ತಿದ್ದಾ?”

“ಏನೂ ಮಾಡಿರ್ಲಿಲ್ಲ ಅತ್ತಿಗೆ. ಮಲಗಿದ್ದೆ. ನೀವೇ ಪಕ್ಕದಲ್ಲಿದ್ರಿ.”

“ಏನೂ ಮಾಡದೆ ಹೇಗೆ ಹೋಗುತ್ತೆ?”

ಒಳಗಿನ ಕೋಣೆಯಿಂದ ಮಾವನ ದನಿ ಬಂತು. “ಅವಳನ್ನ ಯಾಕೆ ಕೆದಕ್ತೀರಿ? ನನ್ನ ಉಳಿಸೋಕೆ ಸುಳ್ಳು ಹೇಳ್ತಿದಾಳೆ. ನಾನು ಹೋಗ್ತೀನಿ, ಯಾವ ಮಹಡಿಗೆ ಬೇಕಾದ್ರೂ ಹತ್ತಿಸಿ.” ಅಷ್ಟು ಹೇಳುವಷ್ಟರಲ್ಲಿ ಒಣಗಂಟಲಿಗೆ ಕೆಮ್ಮು ಹತ್ತಿತು.

ನಿಜಕ್ಕೆ ಈ ಮನೆಯಲ್ಲಿ ಗಿರಾಕಿಗಳಿಲ್ಲ ಎಂದು ಅವಳಿಗೆ ಅನ್ನಿಸಿತು. ಭ್ರೂಣ ಸುಮ್ಮನೆ ಬೆಳೆಯದೆಯೂ ಹೋಗಬಹುದು, ಯಾರೂ ಏನೂ ಮಾಡದೆ. ಡಾಕ್ಟರಮ್ಮ ಹಾಗೆಂದು ವಿವರಿಸಿದ್ದರು. ಆದರೆ ಅಂಥ ಸಾವನ್ನು ಯಾರ ತಲೆಗೂ ಕಟ್ಟದೆ ಸುಮ್ಮನಿರಲು ಇವರಿಗೆ ಬರುವುದಿಲ್ಲ. ತನಗೂ ಬಂದಿರಲಿಲ್ಲ; ಒಂದು ತಿಂಗಳು ಅವಳೂ ಅದನ್ನು ಮುದುಕನ ತಲೆಗೆ ಕಟ್ಟಿ ನೆಮ್ಮದಿಯಾಗಿ ನಿದ್ದೆ ಮಾಡಿದ್ದಳು.

“ಮಾವ ಎಲ್ಲೂ ಹೋಗೋದು ಬೇಡ,” ಎಂದಳು. “ನಂಗೆ ಸಾಕಾಗಿದೆ. ಇನ್ನೊಂದು ಬೇಡ. ನಿಲ್ಲಿಸಿಬಿಡ್ತೀನಿ.”

ಅತ್ತಿಗೆ ತಮ್ಮನ ಮುಖ ನೋಡಿದಳು. ಅವನು ತಟ್ಟೆಯ ಅಂಚನ್ನು ಬೆರಳಿಂದ ಉಜ್ಜಿದ. “ನಿನ್ನಿಷ್ಟ,” ಎಂದ. ಅವನ ಭುಜ ಇಳಿದಿತ್ತು. ಅದು ದುಃಖವೋ, ಹೊರೆ ಇಳಿಸಿದ ಹಗುರವೋ ಅವಳಿಗೆ ತಿಳಿಯಲಿಲ್ಲ, ಅವನಿಗೂ ತಿಳಿದಿರಲಿಕ್ಕಿಲ್ಲ.

ಅವಳು ಒಳಗೆ ಹೋದಾಗ ಮಾವ ಬಾಗಿಲನ್ನೇ ನೋಡುತ್ತಿದ್ದರು.

“ನಿಜವಾಗ್ಲೂ ನಿಲ್ಲಿಸ್ತೀಯಾ?”

“ನಿಲ್ಲಿಸಿದೆ.”

ಅವರ ಕಣ್ಣು ತುಂಬಲಿಲ್ಲ. ತುಂಬುವಷ್ಟು ನೀರು ಮೈಯಲ್ಲಿರಲಿಲ್ಲ. ಎಡಗೈ ಚೊಂಬಿನ ಕಡೆ ಚಾಚಿತು. ಲೋಟಕ್ಕೆ ಬಗ್ಗಿಸುವಷ್ಟು ತಾಳ್ಮೆಯಿಲ್ಲದೆ ಚೊಂಬಿಗೇ ಬಾಯಿಟ್ಟರು. ಗದ್ದದಿಂದ ಎದೆಗೆ ನೀರು ಹರಿಯಿತು. ಅವಳು ಒರೆಸದೆ ನೋಡುತ್ತ ನಿಂತಳು. ಸ್ವಲ್ಪ ಹೊತ್ತಿಗೆ ತಾವಾಗಿಯೇ, “ಎಬ್ಬಿಸ್ತೀಯಾ?” ಎಂದರು.

ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಅವರ ಭಾರವೆಲ್ಲ ಅವಳ ಸೊಂಟದ ಮೇಲೆ ಬಂತು. ಬಚ್ಚಲಿನೊಳಗೆ ಕಂಬಿ ಹಿಡಿಸಿ ಕೂರಿಸಿ, ಬಾಗಿಲು ಅರ್ಧ ಎಳೆದು ಹೊರಗೆ ನಿಂತಳು. ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆಗಳನ್ನು ಸದ್ದು ಮಾಡಿ ಎತ್ತಿಡುತ್ತಿದ್ದಳು.

ನಾಳೆ ಅಂಗಡಿಯಿಂದಲೇ ಆಸ್ಪತ್ರೆಗೆ ಫೋನು ಮಾಡುವುದು. ಮಾತ್ರೆಗಳನ್ನು ಮಸೂರಗಳ ಡ್ರಾಯರಿನಲ್ಲಿ ಇಟ್ಟುಕೊಳ್ಳುವುದು. ಹೇಳಿದ ದಿನ ಕೆಲಸಕ್ಕೆಂದೇ ಹೊರಟು, ಹೆಪ್ಪುಗಟ್ಟಿಸಿಟ್ಟ ಆ ಒಂದನ್ನು ಇಡಿಸಿಕೊಂಡು, ಎಂದಿನ ಬಸ್ಸಿಗೆ ಮನೆಗೆ ಬರುವುದು. ಬಂದು ಮಾವನಿಗೆ ನೀರು ಕುಡಿಸುವುದು, ಕರೆದಾಗಲೆಲ್ಲ ಎತ್ತುವುದು. ಗರ್ಭ ನಿಂತರೆ ಆಮೇಲೆ ಎಲ್ಲರಿಗೂ ತಿಳಿಯುತ್ತದೆ. ಹೋದರೆ ಅದು ಬಂದಿತ್ತೆಂದು ಯಾರಿಗೂ ತಿಳಿಯುವುದಿಲ್ಲ.

“ಆಯ್ತು,” ಎಂದರು ಮಾವ ಒಳಗಿನಿಂದ.

“ಬಂದೆ,” ಎಂದು ಅವಳು ಬಾಗಿಲು ತಳ್ಳಿದಳು.