ಒಡೆದ ಹಾಲು, ಕಟ್ಟಿದ ಮೊಸರು

ಹಾಲು ಉಕ್ಕಿದರೆ ಶುಭ, ಒಡೆದರೆ ಅಪಶಕುನ. ರೋಣದ ಸುತ್ತಮುತ್ತ ಇದನ್ನು ಯಾರೂ ಯಾರಿಗೂ ಕಲಿಸಿಕೊಡಬೇಕಾಗಿಲ್ಲ. ಹಾಗಿದ್ದೂ ಒಂದು ಸೋಮವಾರ ಮುಂಜಾನೆ, ವೃದ್ಧಾಶ್ರಮದ ಹದಿನೆಂಟು ಜನ ಹಿರಿಯರ ಕಣ್ಣೆದುರಿಗೇ, ಅಡುಗೆಯ ಅನ್ನವ್ವ ಕುದಿಯುವ ಐದು ಲೀಟರು ಎಮ್ಮೆ ಹಾಲಿಗೆ ಕೈಯಾರೆ ನಿಂಬೆಹಣ್ಣು ಹಿಂಡಿದಳು.

ಹಿಂಡುವಾಗ ಅವಳಿಗೂ ಅತ್ತೆಯ ನೆನಪಾಗಿತ್ತು. ಸವಡಿ ಊರಿಗೆ ಸೊಸೆಯಾಗಿ ಬಂದ ಮೊದಲ ವಾರವೇ ಒಲೆಯ ಮೇಲಿನ ಹಾಲು ಒಡೆದದ್ದಕ್ಕೆ ಅತ್ತೆ ಮೂರು ತಿಂಗಳು ಮಾತು ಬಿಟ್ಟಿದ್ದಳು. ಹಾಲು ಒಡೆದದ್ದು ಬೇಸಿಗೆಯ ಸೆಕೆಗೆ, ಬೈಗುಳ ಬಿದ್ದದ್ದು ಸೊಸೆಯ ಕಾಲ್ಗುಣಕ್ಕೆ. ಆದರೆ ತಿಂಗಳಿಗೊಮ್ಮೆ ಬಂದು ಎಲ್ಲರ ತೂಕ ನೋಡುವ ಡಾಕ್ಟರ್ ನೇತ್ರಾ ಈ ಸಲ ಖಡಾಖಂಡಿತವಾಗಿ ಹೇಳಿ ಹೋಗಿದ್ದರು.

"ಅನ್ನ ಸಾರು ಉಂಡ್ರ ಹೊಟ್ಟಿ ತುಂಬತೈತಿ ಅನ್ನವ್ವ, ಮೈಯಾಗ ಕಸುವು ನಿಲ್ಲೂದಿಲ್ಲ. ಹಲ್ಲಿಲ್ಲದವರಿಗೆ ಪನೀರು, ಚೀಸು ಭಾಳ ಚಲೋ. ಪ್ಯಾಕೆಟ್ಟಿನ ಚೀಸಿನಾಗ ಉಪ್ಪು ಜಾಸ್ತಿ, ಬಿ.ಪಿ. ಇದ್ದವರಿಗೆ ಬ್ಯಾಡ. ಇಲ್ಲೇ ಮಾಡು."

ಹೇಳಿದ್ದು ಎಲ್ಲರಿಗಾಗಿ, ಚಿಂತೆ ಮಾತ್ರ ಒಬ್ಬನದು. ಗುರುಸಂಗಪ್ಪನಿಗೆ ಎಂಬತ್ತೆರಡು ವರ್ಷ, ತೂಕ ಮೂವತ್ತೊಂಬತ್ತು ಕಿಲೋ. ಹೊಳೆಆಲೂರಿನಲ್ಲಿ ಮಲಪ್ರಭೆಯ ದಂಡೆಗೆ ಅರವತ್ತು ವರ್ಷ ಎಮ್ಮೆ ಕಾಯ್ದ ಆ ದೇಹ ಈಗ ಹೊರಸಿನ ಮಂಚಕ್ಕೆ ಅಂಟಿಕೊಂಡಿತ್ತು. ಮುಂದಿನ ಒಂದನೇ ತಾರೀಖಿಗೆ ನಲವತ್ತು ದಾಟದಿದ್ದರೆ ಅವನನ್ನು ಗದಗಿನ ಆರೈಕೆ ಕೇಂದ್ರಕ್ಕೆ ಕಳಿಸುವುದೆಂದು ಆಶ್ರಮದವರು ಕಾಗದ ಬರೆದಿಟ್ಟಿದ್ದರು. ಹೋದ ವರ್ಷ ಹಾಗೆ ಹೋದ ಪರಶಪ್ಪ ತಿರುಗಿ ಬರಲಿಲ್ಲ. ಅವನ ತಾಟನ್ನು ಅನ್ನವ್ವ ಇನ್ನೂ ಬೇರೆ ಯಾರಿಗೂ ಕೊಟ್ಟಿರಲಿಲ್ಲ.

ಹಾಲು ಬಿರಿದು ಗಂಟುಗಂಟಾದದ್ದನ್ನು ಕಂಡು ಮೊದಲು ಕೂಗಿದವನೂ ಗುರುಸಂಗಪ್ಪನೇ.

"ಅಯ್ಯಯ್ಯ, ಏನ್ ಮಾಡಿದಿ ಅನ್ನವ್ವಾ! ಕೈಯಾರ ಹಾಲ ಒಡದಿಯಲ್ಲ! ಯಾರ ಮನಿ ಹಾಳಾಗಲಿ ಅಂತ ಮಾಡಿದಿ?"

"ಇದೇನ್ ಮನಿ ಅಲ್ಲಲ್ರಿ ಅಜ್ಜಾರ, ಆಶ್ರಮ ಐತಿ."

"ನನಗ ಇದ ಮನಿ," ಅಂದ ಗುರುಸಂಗಪ್ಪ, ಮುಖ ಗೋಡೆಯ ಕಡೆ ತಿರುಗಿಸಿ ಮಲಗಿಬಿಟ್ಟ.

ಆ ಮಾತು ಅನ್ನವ್ವನ ಎದೆಗೆ ನಾಟಿತು. ಆದರೂ ಅವಳು ಹಟಮಾರಿ. ಮರುದಿನ ಆ ಪನೀರನ್ನು ಪುಡಿ ಮಾಡಿ ಉಪ್ಪಿಟ್ಟಿನಲ್ಲಿ ಬೆರೆಸಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗುವುದಿಲ್ಲವೇ? ಗುರುಸಂಗಪ್ಪ ಒಂದೊಂದೇ ಬಿಳಿ ಚೂರನ್ನು ಆರಿಸಿ ತೆಗೆದು ತಾಟಿನ ಅಂಚಿಗೆ ಸಾಲಾಗಿ ಹಚ್ಚಿದ. ಉಳಿದ ಹದಿನೇಳು ಜನರೂ ಹಾಗೇ ಮಾಡಿದರು. ಎಂಟು ದಿನ ಹೀಗೇ ನಡೆಯಿತು. ಗುರುಸಂಗಪ್ಪ ಎರಡು ತುತ್ತು ಉಂಡು ಹೊರಸಿಗೆ ಹೋಗುತ್ತಿದ್ದ, ಅನ್ನವ್ವ ಹಿತ್ತಲಿಗೆ ಹೋಗಿ ಅಳುತ್ತಿದ್ದಳು.

ಅವಳ ಅಳು ನೋಡಲಾರದೆ ಒಂದು ದಿನ ರಸೂಲಬಿ ಹತ್ತಿರ ಬಂದು ಕೂತಳು. ಅವಳೂ ಆಶ್ರಮದವಳೇ, ಗುರುಸಂಗಪ್ಪನೊಂದಿಗೆ ದಿನವೂ ಜಗಳ ಕಾಯದೆ ಚಹಾ ಕುಡಿದವಳಲ್ಲ.

"ಖರೇ ಹೇಳ್ತೀನಿ ತಂಗಿ, ಕದ್ದು ತಿಂದು ನೋಡೀನಿ, ನಿನ್ನ ಪನೀರು ರುಚಿ ಐತಿ. ಆದ್ರ ಆ ಮುದುಕ ಉಣ್ಣದ ನಾವು ಉಂಡ್ರ ವರ್ಷಗಟ್ಟಲೆ ಆಡಕೋತಾನ. ಅವಂದೇನಿದ್ರೂ ಅದ ಹಾಡು. ಎಮ್ಮಿ ಮೇಸಾಕ ಹೋಗೂಮುಂದ ಮೊಸರ ಅರಬ್ಯಾಗ ಕಟ್ಟಿ, ನೀರ ಬಸದು, ಗಟ್ಟಿ ಮಾಡಿ ರೊಟ್ಟಿ ಬುತ್ತ್ಯಾಗ ಒಯ್ತಿದ್ನಂತ. ಅದರ ಮುಂದ ಯಾವ್ದೂ ಇಲ್ಲಂತ."

ಅನ್ನವ್ವನ ಅಳು ಅಲ್ಲಿಗೇ ನಿಂತಿತು. ಬಟ್ಟೆಯಲ್ಲಿ ಕಟ್ಟಿದ ಮೊಸರು! ಹಾಲು ಒಡೆಯುವ ಮಾತೇ ಇಲ್ಲ. ಹೆಪ್ಪು ಹಾಕಿದ ಹಾಲು ಮೊಸರಾಗುವುದು ದಿನದ ಸಂಗತಿ, ಅದಕ್ಕೆ ಯಾವ ಅತ್ತೆಯೂ ಮಾತು ಬಿಟ್ಟಿಲ್ಲ. ಕೂಡಲೇ ಡಾಕ್ಟರಿಗೆ ಫೋನ್ ಹಚ್ಚಿದಳು.

"ಅದೂ ಚೀಸಿನ ಜಾತಿನ ಅನ್ನವ್ವ," ಅಂದರು ನೇತ್ರಾ. "ಲಗೂ ಮಾಡು. ದಿನ ಭಾಳ ಉಳದಿಲ್ಲ."

ಮಾಡುವುದೇನೋ ಸರಿ. ಆದರೆ ಅನ್ನವ್ವ ಮಾಡಿದರೆ ಅವನು ತಿನ್ನುತ್ತಾನೆಯೇ? ನಿಂಬೆಹಣ್ಣು ಹಿಂಡಿದ ಕೈ ಇದು. ಅವನೇ ಮಾಡಬೇಕು. ಕರೆದರೆ ಬರುವ ಆಸಾಮಿಯೂ ಅಲ್ಲ. ಇಂಥ ಮುದುಕರನ್ನು ಎಬ್ಬಿಸಬೇಕಾದರೆ ಬೇಡಿಕೊಳ್ಳಬಾರದು, ಅವರ ಕಣ್ಣೆದುರಿಗೆ ಕೆಲಸ ಕೆಡಿಸಬೇಕು. ಇದು ಅನ್ನವ್ವನಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಮೂವತ್ತು ವರ್ಷ ಸಂಸಾರ ಮಾಡಿ ಕಲಿತದ್ದು.

ಮರುದಿನ ಅವಳು ಗುರುಸಂಗಪ್ಪನ ಹೊರಸಿನ ಎದುರಿಗಿದ್ದ ಬೇವಿನ ಗಿಡಕ್ಕೆ ಒಂದು ನೈಲಾನ್ ಓಡಣಿಯಲ್ಲಿ ಮೊಸರು ಕಟ್ಟಿ ತೂಗುಬಿಟ್ಟಳು. ಮಧ್ಯಾಹ್ನವಾದರೂ ಸರಿಯಾಗಿ ನೀರು ಇಳಿಯಲಿಲ್ಲ. ಗುರುಸಂಗಪ್ಪ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದ. ಎರಡನೆಯ ದಿನ ಗಂಟು ಸಡಿಲ ಹಾಕಿದಳು. ಅದು ಬಿಚ್ಚಿಕೊಂಡು ಅರ್ಧ ಮೊಸರು ನೆಲಕ್ಕೆ ಬಿತ್ತು, ಕಾಗೆಗಳಿಗೆ ಹಬ್ಬವಾಯಿತು. ಮುದುಕ ಹೊರಸಿನ ಮೇಲೆ ಎದ್ದು ಕೂತು ಹಲ್ಲಿಲ್ಲದ ಬಾಯಿ ಕಡಿದ. ಮೂರನೆಯ ದಿನ ಅನ್ನವ್ವ ಮೊಸರಿನ ಗಂಟನ್ನು ಕೈಯಲ್ಲಿ ಹಿಡಿದು ಒದ್ದೆ ಸೀರೆ ಹಿಂಡಿದ ಹಾಗೆ ಹಿಂಡತೊಡಗಿದಳು.

"ಕೈ ತಗೀ!"

ಹನ್ನೆರಡು ದಿನದಿಂದ ಊಟದ ತಾಟಿಗೆ ಬಿಟ್ಟರೆ ಹೊರಸು ಬಿಟ್ಟು ಏಳದವನು ಕೋಲು ಊರಿ ಇಪ್ಪತ್ತು ಹೆಜ್ಜೆ ನಡೆದು ಬಂದಿದ್ದ.

"ಮೊಸರನ್ನ ಹಿಂಗ ಹಿಂಡತಾರೇನ? ನೈಲಾನ್ ಅರಬ್ಯಾಗ ಕಟ್ತಾರೇನ? ನಿನಗ ಅಡಗಿ ಕಲಿಸಿದಾಕಿ ಯಾರು?"

"ನಮ್ಮತ್ತಿರಿ."

"ಕರಿ ಆಕಿನ್ನ!"

"ಆಕಿ ತೀರಿಕೊಂಡು ಹತ್ತು ವರ್ಷ ಆತ್ರಿ."

"ಪಾರಾಗ್ಯಾಳ!" ಅಂದ ಗುರುಸಂಗಪ್ಪ. "ಒಂದು ಹಳೇ ಧೋತರ ತಾ. ತೊಳದು ತೊಳದು ಮೆತ್ತಗಾಗಿರಬೇಕು. ಮಣ್ಣಿನ ಗಡಿಗಿ ತಾ. ಹಾಲು ನಾ ಬೆರಳ ಹಾಕಿ ನೋಡೂತನಕ ಹೆಪ್ಪ ಹಾಕಬ್ಯಾಡ."

ಅನ್ನವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಗು ತಡೆಯಲು ಸೆರಗು ಸಾಲದಾಗಿತ್ತು.

ಅಂದಿನಿಂದ ಆಶ್ರಮದ ಅಡುಗೆಮನೆಗೆ ಯಜಮಾನ ಬದಲಾದ. ಸಂಜೆ ಹೆಪ್ಪು, ಮುಂಜಾನೆ ನಾಲ್ಕು ಪದರಿನ ಧೋತರದಲ್ಲಿ ಗಂಟು, ಬೇವಿನ ಟೊಂಗೆಗೆ ತೂಗು. ನೀರು ಇಳಿದು ನಿಂತ ಮೇಲೆ ಬೀಸುವ ಕಲ್ಲಿನ ಭಾರ. ಎಲ್ಲವೂ ಗುರುಸಂಗಪ್ಪನ ಅಪ್ಪಣೆಯಂತೆ. ಮೊದಲ ಗಂಟು ಬಿಚ್ಚಿದಾಗ ಒಳಗೆ ಬೆಣ್ಣೆಯಂಥ ಬಿಳಿ ಗಡ್ಡೆ. ಚಾಕುವಿಗೆ ಕತ್ತರಿಸಲು ಬರುತ್ತಿತ್ತು, ಒಸಡಿಗೆ ಇಟ್ಟರೆ ಕರಗುತ್ತಿತ್ತು. ಮಾಡಿದವನು ಮೊದಲು ತಿನ್ನದಿದ್ದರೆ ಯಾರು ನಂಬುತ್ತಾರೆ? ಗುರುಸಂಗಪ್ಪ ಒಂದು ಚೂರು ಬಾಯಿಗೆ ಹಾಕಿದ. "ಹುಳಿ ಒಂದೀಟು ಕಡಿಮಿ ಆತು," ಅಂದ. ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಚೂರು. ಆಮೇಲೆ ಖಾತ್ರಿಯ ಹಂಗಿಲ್ಲದೆ ಇನ್ನೆರಡು.

"ಹಾಲು ಒಡದಿಲ್ಲ, ಕಟ್ಟೈತಿ," ಎಂದು ಉಳಿದವರಿಗೆ ಸಾರಿದ. "ಉಣ್ರಿ."

ಉಂಡರು. ಜೋಳದ ನುಚ್ಚಿನ ಮೇಲೆ ಪುಡಿ ಮಾಡಿ, ಮೇಲೊಂದಿಷ್ಟು ಶೇಂಗಾ ಚಟ್ನಿಪುಡಿ ಉದುರಿಸಿ ಉಂಡರು. ಬದನೆಕಾಯಿ ಪಲ್ಯದಲ್ಲಿ ಬೆರೆಸಿ ಉಂಡರು. ಗೋಧಿ ಹುಗ್ಗಿಗೆ ಬೆಲ್ಲದ ಜೊತೆ ಕಲಸಿ ಹಾಕಿದ ದಿನವಂತೂ ರಸೂಲಬಿ ಮೂರನೆಯ ಸಲ ತಾಟು ಚಾಚಿದಳು. ಬಸಿದ ನೀರಿನಲ್ಲಿ ಅನ್ನವ್ವ ರೊಟ್ಟಿಯ ಹಿಟ್ಟು ನಾದಿದಳು, ಕಸುವಿನ ಒಂದು ಹನಿಯನ್ನೂ ಚೆಲ್ಲಗೊಡಲಿಲ್ಲ. ದಿನವೂ ಹೊಸ ಗಂಟು, ದಿನವೂ ರುಚಿ ನೋಡುವ ನೆಪ. ಮುದುಕನ ಕೆನ್ನೆಯ ಕುಳಿ ತುಂಬುವುದನ್ನು ಅವಳು ಕದ್ದು ಕದ್ದು ನೋಡಿದಳು. ದೃಷ್ಟಿಯಾದೀತೆಂದು ಯಾರಿಗೂ ಹೇಳಲಿಲ್ಲ.

ಒಂದನೇ ತಾರೀಖು ಬಂದೇ ಬಂತು. ಡಾಕ್ಟರಿಗಿಂತ ಮೊದಲೇ ಆಶ್ರಮದ ಬಾಗಿಲಿಗೆ ಗದಗಿಗೆ ಹೋಗುವ ವ್ಯಾನು ಬಂದು ನಿಂತಿತು. ಚಾಲಕ ಮುತ್ತಣ್ಣ ಹಿಂದಿನ ಬಾಗಿಲು ತೆರೆದು ಹಾಸಿಗೆ ಸರಿಮಾಡುತ್ತಿದ್ದ. ಅದನ್ನು ನೋಡಿ ಅನ್ನವ್ವನ ಪಿತ್ತ ನೆತ್ತಿಗೇರಿತು.

"ತೂಕಾನ ನೋಡಿಲ್ಲ, ಆಗಲೇ ಹಾಸಿಗಿ ಹಾಸ್ತೀಯೇನೋ!"

"ನನಗ ಹೇಳ್ಯಾರಬೇ, ನಾ ಬಂದೀನಿ," ಅಂದ ಮುತ್ತಣ್ಣ, ಪಾಪ.

ನೇತ್ರಾ ಬಂದು ಯಂತ್ರ ಇಟ್ಟರು. ಗುರುಸಂಗಪ್ಪ ಕೋಲನ್ನು ರಸೂಲಬಿಯ ಕೈಗೆ ಕೊಟ್ಟು ತಾನೇ ಹತ್ತಿ ನಿಂತ. ಯಂತ್ರದ ಅಂಕಿಗಳು ಮೇಲೆ ಕೆಳಗೆ ಓಡಾಡಿದವು. ಅನ್ನವ್ವ ಕಣ್ಣು ಮುಚ್ಚಿದಳು.

"ನಾಲ್ವತ್ತೊಂದೂವರಿ!" ಅಂದರು ನೇತ್ರಾ.

"ಯಂತ್ರ ಕೆಟ್ಟೈತೇನ ನೋಡವ್ವ," ಅಂದ ಗುರುಸಂಗಪ್ಪ. ಇಳಿದು ಮತ್ತೆ ಹತ್ತಿದ. ನಲವತ್ತೊಂದೂವರೆ. "ಎಲ್ಲಾರೂ ಬಂದು ನೋಡ್ರಿ. ಆಮ್ಯಾಲೆ ಸುಳ್ಳ ಅನಬ್ಯಾಡ್ರಿ."

ಹದಿನೇಳು ಜನರೂ ಸಾಲಾಗಿ ಬಂದು ಬಗ್ಗಿ ನೋಡಿದರು. ಕಣ್ಣು ಕಾಣದವರೂ ನೋಡಿದರು. ಅನ್ನವ್ವ ಅಲ್ಲೇ ನೆಲಕ್ಕೆ ಕೂತು ಹೋ ಎಂದು ಅತ್ತಳು, ನಕ್ಕಳು, ಮತ್ತೆ ಅತ್ತಳು. ಜೀವನದಲ್ಲಿ ಇಷ್ಟು ಸಂತೋಷ ಅವಳಿಗೆ ಯಾವತ್ತೂ ಆಗಿರಲಿಲ್ಲ. ನೇತ್ರಾ ಗದಗಿನ ಕಾಗದವನ್ನು ನಾಲ್ಕು ಚೂರು ಮಾಡಿದರು.

"ನರಗುಂದದ ವೃದ್ಧಾಶ್ರಮದಾಗ ಇದ ತಕರಾರು ಅನ್ನವ್ವ. ಹಾಲು ಒಡದದ್ದು ಅಂತ ಪನೀರು ಯಾರೂ ಮುಟ್ಟವಲ್ರು. ನೀ ಒಮ್ಮಿ ಬಂದು ತೋರಸ್ತಿಯೇನ?"

"ಈಕಿ ಒಬ್ಬಾಕಿನ್ನ ಕಳಿಸಿದ್ರ ಕೆಡಿಸಿ ಬರತಾಳ," ಎಂದು ಗುರುಸಂಗಪ್ಪ ಟವೆಲ್ಲಿನ ರುಮಾಲು ಸುತ್ತಿದ. "ನಾನೂ ಬರತೀನಿ. ಗಾಡಿ ಹೆಂಗೂ ಬಂದೈತಿ."

ನೇತ್ರಾ ಹೂಂ ಅಂದರು. ಮುತ್ತಣ್ಣ ರೂಢಿಯಂತೆ ಹಿಂದಿನ ಬಾಗಿಲು ಹಿಡಿದು ನಿಂತ. "ಮಲಗ್ರಿ ಅಜ್ಜಾರ, ಹಾಸಿಗಿ ಐತಿ."

"ಹಾಸಿಗಿ ಮ್ಯಾಲೆ ಮೊಸರಿನ ಗಡಿಗಿ ಇಡು. ಅಲುಗಬಾರದು," ಎಂದು ಗುರುಸಂಗಪ್ಪ ವ್ಯಾನನ್ನು ಸುತ್ತಿಕೊಂಡು ಹೋಗಿ ಚಾಲಕನ ಪಕ್ಕದ ಸೀಟಿನಲ್ಲಿ ಕೂತ. ಅನ್ನವ್ವ ಹಿಂದೆ ಗಡಿಗೆಯನ್ನು ತಬ್ಬಿ ಹಿಡಿದು ಕೂತಳು. ವ್ಯಾನು ಗದಗಿನ ದಾರಿ ಬಿಟ್ಟು ನರಗುಂದದ ಕಡೆ ಹೊರಳಿತು.